ಗೋಲಿನ ಹಿಂದೆ ನಿಲ್ಲುತ್ತಿದ್ದ ಕನ್ನಡಿ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕೂತಿರುವ ಮೇಷ್ಟ್ರ ಶ್ರೀಮತಿ, ನಮ್ಮ ಅತ್ತಿಗೆಯವರಿಗೆ, ಮೇಷ್ಟ್ರ ತಾಯಿಯವರಿಗೆ, ಕ್ಲಬ್ಬಿನ ಕಾರ್ಯದರ್ಶಿಗಳಿಗೆ, ಡ್ರೈವಿಂಗ್ ಸ್ಕೂಲಿನಿಂದ ಬಂದಿರುವ ತಮಗೆಲ್ಲರಿಗೂ — ಮತ್ತೆ ಅಲ್ಲಿ, ಬಾಗಿಲ ಹತ್ತಿರ, ಅಷ್ಟೊಂದು ಕುರ್ಚಿ ಖಾಲಿ ಇದ್ದರೂ ಗೋಡೆಗೆ ಒರಗಿ ನಿಂತಿರುವ ನಮ್ಮ ಹುಡುಗಿಯರಿಗೂ — ನಮಸ್ಕಾರ. ಕೂತ್ಕೊಳ್ರೇ. ನಾಳೆ ಬೆಳಿಗ್ಗೆ ಮ್ಯಾಚ್ ಇದೆ, ಕಾಲಿಗೆ ಸ್ವಲ್ಪ ವಿಶ್ರಾಂತಿ ಬೇಡ್ವಾ? ಆಯ್ತು. ನಿಂತೇ ಇರಿ. ಯಾರು ಮಾತು ಕೇಳುತ್ತಾರೆ ಇಲ್ಲಿ.

ಮೈಕಿನವರು ನನಗೆ ಮೊದಲೇ ಎಚ್ಚರಿಕೆ ಕೊಟ್ಟಿದ್ದಾರೆ. ಒಂದೇ ಕಡೆ ನಿಂತು ಮಾತಾಡಬೇಕಂತೆ. ಆಚೀಚೆ ಹೋದರೆ ಇದು ಕುಂಯ್ ಅನ್ನುತ್ತದಂತೆ. ಪ್ರಯತ್ನ ಮಾಡುತ್ತೇನೆ. ಆದರೆ ಈ ಮೂರು ವಾರದಿಂದ ನನಗೆ ಒಂದು ಕಡೆ ನಿಲ್ಲಲಿಕ್ಕೆ ಆಗುತ್ತಿಲ್ಲ. ಕೂತರೆ ಏಳಬೇಕು ಅನ್ನಿಸುತ್ತದೆ, ಎದ್ದರೆ ಎಲ್ಲಿಗೆ ಹೋಗಬೇಕು ಗೊತ್ತಾಗುವುದಿಲ್ಲ. ಮನೆಯಲ್ಲಿ ನನ್ನ ಹೆಂಡತಿ, ‘ಒಂದು ಗಳಿಗೆ ಸುಮ್ನೆ ಕೂತ್ಕೊಳ್ಳಿ, ನಿಮ್ಮನ್ನ ನೋಡಿ ನೋಡಿ ನನಗೇ ತಲೆ ಸುತ್ತುತ್ತೆ’ ಅಂದಳು. ಏನು ಮಾಡಲಿ?

ಈಗ ತಾನೇ ನಮ್ಮ ಕಾರ್ಯದರ್ಶಿಗಳು ಮಾತಾಡಿದರು. ತುಂಬ ಚೆನ್ನಾಗಿ ಮಾತಾಡಿದರು. ಅಗಲಿದವರು ಶಾಂತ ಸ್ವಭಾವದವರು, ಮಿತಭಾಷಿಗಳು, ಯಾರೊಂದಿಗೂ ಜಗಳವಾಡಿದವರಲ್ಲ, ಅಂದರು. ನಾನು ಹಿಂದೆ ಕೂತು ಕೇಳುತ್ತಿದ್ದೆ — ಸಾರ್, ತಾವು ಯಾರ ಬಗ್ಗೆ ಹೇಳಿದಿರಿ? ತಪ್ಪಿ ಬೇರೆ ಸಭೆಗೆ ಬಂದುಬಿಟ್ಟೆನೇ ಅಂತ ನನಗೆ ಒಂದು ಕ್ಷಣ ಗಾಬರಿಯಾಯಿತು. ನಗಬೇಡಿ. ಆಯ್ತು, ನಗಿ. ಅತ್ತಿಗೆಯವರೇ ನಗುತ್ತಿದ್ದಾರೆ. ಮೇಷ್ಟ್ರು ಶಾಂತವಾಗಿ ಇದ್ದದ್ದನ್ನು ನಾನು ಒಂದೇ ಒಂದು ಸಲ ನೋಡಿದ್ದು. ಮೂರು ವಾರದ ಹಿಂದೆ, ಆಸ್ಪತ್ರೆಯ ಮಂಚದ ಮೇಲೆ. ನನಗೆ ಅದು ಹಿಡಿಸಲಿಲ್ಲ.

— ಕ್ಷಮಿಸಿ. ನೀರು ಇದೆಯಾ? ಇರಲಿ, ಬೇಡ.

ಡ್ರೈವಿಂಗ್ ಸ್ಕೂಲಿನವರಿಗೆ ನನ್ನ ಪರಿಚಯ ಇಲ್ಲ, ಹೇಳಿಬಿಡುತ್ತೇನೆ. ಹದಿನೈದು ವರ್ಷದೊಳಗಿನ ಹುಡುಗಿಯರ ಫುಟ್‌ಬಾಲ್ ತಂಡಕ್ಕೆ ನಾವಿಬ್ಬರು ಕೋಚ್. ಗೋಲ್ ಹೊಡೆಯುವುದನ್ನು ಕಲಿಸುತ್ತಿದ್ದವರು ಅವರು. ಗೋಲ್ ಬೀಳದಂತೆ ತಡೆಯುವುದನ್ನು ಕಲಿಸುವವನು ನಾನು. ಹಾಗಾಗಿ ಇಬ್ಬರಿಗೂ ದಿನಾ ಜಗಳ. ನನ್ನ ಹುಡುಗಿಯರು ಗೋಲಿನ ಮುಂದೆ ಸಾಲಾಗಿ ನಿಂತರೆ ಸಾಕು, ‘ಗೋಡೆ ಚೆನ್ನಾಗಿ ಕಟ್ಟಿದೀಯ ಕಣಯ್ಯ, ಕಿಟಕಿ ಎಲ್ಲಿಟ್ಟಿದೀಯ ತೋರಿಸು’ ಅನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಇಲ್ಲಿ ಎಲ್ಲರೂ ನನ್ನನ್ನು ‘ಬ್ರೇಕ್’ ಅಂತ ಕರೆಯುತ್ತಾರೆ. ಆ ಹೆಸರು ಇಟ್ಟವರೂ ಅವರೇ.

ಯಾಕೆ ಅಂದರೆ ನನಗೆ ಗಾಡಿ ಓಡಿಸಲು ಕಲಿಸಿದ್ದು ಅವರು. ಅವರ ಆ ಬಿಳಿ ಕಾರು ನಿಮಗೆ ಗೊತ್ತು — ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕ್ ಇರುತ್ತದೆ, ಕಲಿಸುವವರದು. ಕಲಿಯುವವನು ಗಾಬರಿಯಾದರೆ ಅವರು ಅದನ್ನು ಒತ್ತಬೇಕು. ನನ್ನ ವಿಷಯದಲ್ಲಿ ಆ ಬ್ರೇಕಿಗೆ ಕೆಲಸವೇ ಇರಲಿಲ್ಲ. ಎದುರಿಗೆ ಬೀದಿನಾಯಿ ಆಕಳಿಸಿದರೂ ನಾನು ಬ್ರೇಕ್ ಒತ್ತುತ್ತಿದ್ದೆ. ‘ನೀನು ಹುಟ್ಟುವಾಗಲೂ ಅರ್ಧ ದಾರೀಲಿ ಬ್ರೇಕ್ ಹಾಕಿರ್ತೀಯ ಕಣೋ, ಹೋಗಿ ನಿಮ್ಮಮ್ಮನ್ನ ಕೇಳು’ ಅಂದರು. ಆಮೇಲೆ ಕೊನೆಯ ದಿನದ ಕ್ಲಾಸು. ಆ ದೊಡ್ಡ ವೃತ್ತ ಇದೆಯಲ್ಲ, ನಾಲ್ಕೂ ಕಡೆಯಿಂದ ಬಸ್ಸು ನುಗ್ಗುವ ಜಾಗ — ಅಲ್ಲಿಗೆ ಕರೆದುಕೊಂಡು ಹೋದರು. ಹೋಗಿ ಏನು ಮಾಡಿದರು? ಚಪ್ಪಲಿ ಬಿಟ್ಟರು. ಎರಡೂ ಕಾಲು ಎತ್ತಿ ಸೀಟಿನ ಮೇಲೆ — ಹೀಗೆ — ಚಕ್ಕಂಬಕ್ಕಳ ಹಾಕಿ ಕೂತರು. ‘ನೋಡ್ಕೋ. ನನ್ನ ಕಾಲು ಪೆಡಲ್ ಮೇಲಿಲ್ಲ. ಇನ್ನು ಗಾಡಿ ನಿಂದು.’

ಸ್ಟೀರಿಂಗನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡೆ. ಆದರೆ ಆ ವೃತ್ತ ದಾಟಿದೆ. ಡ್ರೈವಿಂಗ್ ಸ್ಕೂಲಿನವರು ತಲೆ ಆಡಿಸುತ್ತಿದ್ದೀರಿ — ನಿಮಗೂ ಹಾಗೇ ಮಾಡಿದರಾ? ಯಾರ್ಯಾರ ಪಕ್ಕ ಹಾಗೆ ಕಾಲು ಮಡಚಿ ಕೂತಿದ್ದರು, ಕೈ ಎತ್ತಿ ನೋಡೋಣ. ಅಯ್ಯಯ್ಯೋ! ಇಷ್ಟೊಂದು ಜನ! ನಾನು ಇಷ್ಟು ದಿನ ನನಗೊಬ್ಬನಿಗೇ ಮಾಡಿದ್ದು ಅಂದುಕೊಂಡು ಜಂಭದಲ್ಲಿದ್ದೆ.

ಸರಿ. ಹೊತ್ತಾಗುತ್ತಿದೆ. ಮೈದಾನದ ವಿಷಯಕ್ಕೆ ಬರುತ್ತೇನೆ.

ಈ ಹಾಲಿನ ಕಿಟಕಿಯಿಂದ ನೋಡಿದರೆ ಕಾಣುತ್ತದಲ್ಲ, ಅದೇ ನಮ್ಮ ಮೈದಾನ. ಅರ್ಧ ಹುಲ್ಲು, ಅರ್ಧ ಮಣ್ಣು. ಅಲ್ಲಿ ಅವರು ಮೊದಲು ಕಲಿಸಿದ್ದು ಒದೆಯುವುದನ್ನಲ್ಲ. ಕುತ್ತಿಗೆ ತಿರುಗಿಸುವುದನ್ನು! ಡ್ರೈವರ್ ಬುದ್ಧಿ ನೋಡಿ. ‘ಗಾಡಿ ತಿರುಗಿಸೋ ಮುಂಚೆ ಕನ್ನಡಿ ನೋಡ್ತೀರಲ್ಲ, ಹಾಗೇ ಬಾಲ್ ಕಾಲಿಗೆ ಬರೋ ಮುಂಚೆ ಹಿಂದೆ ಏನಿದೆ ನೋಡ್ಬೇಕು’ ಅನ್ನುತ್ತಿದ್ದರು. ಹುಡುಗಿಯ ಬೆನ್ನ ಹಿಂದೆ ನಿಲ್ಲುವುದು, ಜೇಬಿನಿಂದ ಕೆಂಪೋ ಹಳದಿಯೋ ಒಂದು ಕರವಸ್ತ್ರ ತೆಗೆದು ಹಿಡಿಯುವುದು. ನಾನು ಎದುರಿನಿಂದ ಬಾಲ್ ಕೊಡಬೇಕು. ಬಾಲ್ ಉರುಳಿ ಬರುತ್ತಿರುವಾಗ ಅವರು ‘ಕನ್ನಡಿ!’ ಅಂತ ಕೂಗುವರು. ಅವಳು ಗಕ್ಕನೆ ತಿರುಗಿ ನೋಡಿ ಬಣ್ಣ ಹೇಳಬೇಕು. ಕೆಂಪು ಅಂದರೆ ಹಿಂದೆ ಎದುರಾಳಿ ಇದ್ದಾಳೆ, ಬಾಲ್ ಬೇರೆಯವರಿಗೆ ಕೊಡು. ಹಳದಿ ಅಂದರೆ ಜಾಗ ಖಾಲಿ, ತಿರುಗು, ನುಗ್ಗು. ಅದಕ್ಕೇ ಹುಡುಗಿಯರು ಅವರಿಗೆ ಕನ್ನಡಿ ಮೇಷ್ಟ್ರು ಅಂತ ಹೆಸರಿಟ್ಟರು. ಆಮೇಲೆ ಆ ಹುಚ್ಚು ಎಲ್ಲಿಗೆ ಹೋಯಿತು ಅಂದರೆ, ಒಬ್ಬ ತಾಯಿ ಮೈದಾನಕ್ಕೇ ಬಂದುಬಿಟ್ಟರು. ‘ನನ್ನ ಮಗಳು ಊಟಕ್ಕೆ ಕೂತ್ರೂ ಮಾತುಮಾತಿಗೆ ಹಿಂದೆ ತಿರುಗಿ ನೋಡ್ತಾಳೆ, ಅವಳನ್ನ ಯಾರಾದ್ರೂ ಹೆದರಿಸಿದ್ದಾರಾ?’ ಅಂತ. ಮೇಷ್ಟ್ರು ಮುಖ ಗಂಭೀರ ಮಾಡಿಕೊಂಡು, ‘ಇಲ್ಲಮ್ಮ, ತಟ್ಟೆ ಕಿತ್ಕೊಳ್ಳೋಕೆ ಯಾರಾದ್ರೂ ಬರ್ತಿದಾರಾ ಅಂತ ನೋಡ್ತಾಳೆ ಅಷ್ಟೆ’ ಅಂದರು. ಆ ತಾಯಿಯೂ ಇಲ್ಲೇ ಇದ್ದಾರೆ. ನಮಸ್ಕಾರ ಅಮ್ಮಾ.

ಇನ್ನೊಂದು ಮಾತು ಇತ್ತು ಅವರದ್ದು. ಯಾರಾದರೂ ಮುಂದೆ ಹೋಗದೆ ಬಾಲ್ ಹಿಂದಕ್ಕೆ ಕೊಟ್ಟರೆ ಆಟ ನಿಲ್ಲಿಸಿ ಹತ್ತಿರ ಹೋಗುತ್ತಿದ್ದರು. ಬೈಯುತ್ತಿರಲಿಲ್ಲ. ಒಂದೇ ಪ್ರಶ್ನೆ — ‘ಏನ್ ನೋಡ್ದೆ?’ ಅಷ್ಟೇ. ‘ಇಬ್ಬರು ಅಡ್ಡ ನಿಂತಿದ್ರು ಸಾರ್, ಅದಕ್ಕೆ ಹಿಂದೆ ಕೊಟ್ಟೆ’ ಅಂದರೆ, ಭೇಷ್. ‘ಏನೂ ನೋಡ್ಲಿಲ್ಲ ಸಾರ್’ ಅಂದರೆ, ಮತ್ತೆ ಮೊದಲಿಂದ. ಹಿಂದೆ ಕೊಡುವುದು ತಪ್ಪಲ್ಲ, ನೋಡದೆ ಕೊಡುವುದು ತಪ್ಪು. ಇಷ್ಟೇ ಅವರ ಶಾಸ್ತ್ರ. ನಾನು ಎಷ್ಟೋ ಸಲ ವಾದ ಮಾಡಿದ್ದೇನೆ, ಮಕ್ಕಳಿಗೆ ಇಷ್ಟೆಲ್ಲ ತಲೆಬಿಸಿ ಯಾಕೆ ಅಂತ. ನನ್ನನ್ನೇ ತಿರುಗಿ ಕೇಳುತ್ತಿದ್ದರು, ‘ನೀನು ಏನ್ ನೋಡ್ದೆ, ಅದನ್ನ ಹೇಳು.’

ನಮ್ಮ ಸೂಜಿ ಇದ್ದಾಳಲ್ಲ — ಅದೋ, ಬಾಗಿಲಿಗೆ ಅಂಟಿಕೊಂಡು ನಿಂತಿರುವವಳು, ತಲೆ ಬಗ್ಗಿಸಬೇಡ ಕಣೇ — ಅವಳು ಬಂದಾಗ ಬರೀ ಬಲಗಾಲು. ಎಡಗಾಲು ಇರುವುದು ಬೀಳದೆ ನಿಲ್ಲಲಿಕ್ಕೆ ಮಾತ್ರ. ಮೇಷ್ಟ್ರು ಏನು ಮಾಡಿದರು? ಅವಳ ಬಲಗಾಲಿನ ಶೂ ಬಿಚ್ಚಿಸಿ ತಮ್ಮ ರಬ್ಬರ್ ಚಪ್ಪಲಿ ಹಾಕಿಸಿದರು. ದೊಡ್ಡ ಚಪ್ಪಲಿ, ದೋಣಿಯ ಹಾಗೆ. ಅದರಲ್ಲಿ ಒದ್ದರೆ ಬಾಲಿಗಿಂತ ಮುಂಚೆ ಚಪ್ಪಲಿ ಹಾರಿ ಹೋಗುತ್ತದೆ. ಇಡೀ ಬೇಸಿಗೆ ಅವಳು ಹಾಗೇ ಆಡಿದಳು, ಒಂದು ಕಾಲಿಗೆ ಶೂ, ಒಂದು ಕಾಲಿಗೆ ಚಪ್ಪಲಿ. ಅಳುತ್ತಿದ್ದಳು. ಮೇಷ್ಟ್ರು ಬರಿಗಾಲಲ್ಲಿ ಬಿಸಿ ಮಣ್ಣಿನ ಮೇಲೆ ಕುಣಿಯುತ್ತಾ ಅವಳ ಹಿಂದೆ ಓಡುತ್ತಿದ್ದರು. ಈಗ ಅವಳು ಯಾವ ಕಾಲಲ್ಲಿ ಹೊಡೆಯುತ್ತಾಳೆ ಅಂತ ನನ್ನ ಡಿಫೆನ್ಸಿನವರಿಗೇ ಗೊತ್ತಾಗುವುದಿಲ್ಲ. ಇಬ್ಬರ ನಡುವೆ ನುಸುಳಿ ಹೋಗುತ್ತಾಳೆ, ಅದಕ್ಕೇ ಸೂಜಿ.

ಈಗ — ಗೋಲಿನ ಹಿಂದಿನ ವಿಷಯ. ಇದನ್ನು ಹೇಳಲಿಕ್ಕೇ ನಾನು ಎದ್ದದ್ದು.

ಮ್ಯಾಚ್ ನಡೆಯುವಾಗ ಕೋಚ್‌ಗಳು ತಮ್ಮ ಬೆಂಚಿನ ಹತ್ತಿರ ಇರಬೇಕು. ಅದು ನಿಯಮ. ನಾನು ಇರುತ್ತಿದ್ದೆ. ಅವರು? ಎದುರಾಳಿಯ ಗೋಲಿನ ಹಿಂದೆ, ಬಲೆಯ ಹಿಂದೆ, ಬೇಲಿ ಹಿಡಿದುಕೊಂಡು ನಿಂತಿರುತ್ತಿದ್ದರು. ಇಲ್ಲಿ ನಮ್ಮ ರೆಫರಿಯವರು ಬಂದಿದ್ದಾರೆ, ಅವರನ್ನೇ ಕೇಳಿ. ಮೊದಲ ಸಲ ವಿಷಲ್ ಊದಿಕೊಂಡು ಅಲ್ಲಿಗೇ ಓಡಿದರು. ಮೇಷ್ಟ್ರು ಬೇಲಿಯ ಆಚೆಯಿಂದ, ‘ಸಾರ್, ಬೇಲಿ ಆಚೆ ಮೈದಾನ, ಬೇಲಿ ಈಚೆ ರಸ್ತೆ. ರಸ್ತೇಲಿ ನಿಲ್ಲೋಕೂ ನಿಮ್ಮ ಅಪ್ಪಣೆ ಬೇಕಾ?’ ಅಂದರು. ರೆಫರಿಯವರು ವಾಪಸ್ ಓಡಿ ಆಟ ಶುರು ಮಾಡಿಸಿದರು, ಪಾಪ. ಅರ್ಧ ಆಟ ಮುಗಿದು ಗೋಲು ಅದಲುಬದಲಾದರೆ, ಮೇಷ್ಟ್ರು ರಸ್ತೆಯಲ್ಲೇ ಇಡೀ ಸುತ್ತು ಓಡಿ ಆ ಕಡೆಯ ಗೋಲಿನ ಹಿಂದೆ ಬಂದು ನಿಲ್ಲುತ್ತಿದ್ದರು. ಏದುಸಿರು ಬಿಡುತ್ತಾ. ಸಾರ್, ನಿಮಗೆ ವಯಸ್ಸಾಯಿತು, ಎದೆ ಹಿಡಿದುಕೊಳ್ಳುತ್ತೀರಿ ಅಂತ ನಾನು ಎಷ್ಟು ಸಲ — ಇರಲಿ. ಅದನ್ನು ಈಗ ಹೇಳಿ ಏನು.

ಯಾಕೆ ನಿಲ್ಲುತ್ತೀರಿ ಅಲ್ಲಿ, ಅಂತ ಕೇಳಿದ್ದೆ. ‘ಗೋಲಿನ ಮುಂದೆ ಬಂದಾಗ ಎಂಥವರಿಗೂ ಕಾಲು ನಡುಗುತ್ತೆ ಕಣೋ. ಆವಾಗ ತಲೆ ಎತ್ತಿದ್ರೆ ಒಂದು ಗುರುತಿನ ಮುಖ ಕಾಣ್ಬೇಕು’ ಅಂದರು. ಅಷ್ಟೇ. ಅಂಥ ದೊಡ್ಡ ತಂತ್ರ ಏನೂ ಇಲ್ಲ.

ಮೂರು ವಾರದ ಹಿಂದೆ ಅವರು ಹೋದದ್ದೂ ಪಕ್ಕದ ಸೀಟಿನಲ್ಲೇ. ಅವತ್ತು ಗಾಡಿ ಓಡಿಸುತ್ತಿದ್ದವರು ಅವರ ಹತ್ತಿರ ಕಲಿಯುತ್ತಿದ್ದ ಟೈಲರಮ್ಮ. ಅಲ್ಲಿ, ಕಂಬದ ಪಕ್ಕ ಕೂತಿದ್ದಾರೆ. ಅವರು ಅದುವರೆಗೆ ಎರಡನೇ ಗೇರ್ ದಾಟಿದವರಲ್ಲ. ಮೇಷ್ಟ್ರು ಎದೆ ಹಿಡಿದುಕೊಂಡರು. ಬೇರೆ ಯಾರಾದರೂ ಆಗಿದ್ದರೆ ಗಾಡಿ ನಿಲ್ಲಿಸಿ ರಸ್ತೆಗಿಳಿದು ಕೂಗಿಕೊಳ್ಳುತ್ತಿದ್ದರು, ನಾನಂತೂ ಹಾಗೇ ಮಾಡುತ್ತಿದ್ದೆ. ಈ ತಾಯಿ ನಿಲ್ಲಿಸಲಿಲ್ಲ. ಆಸ್ಪತ್ರೆಯ ಕಡೆಗೆ, ಸಂತೆ ಬೀದಿಯ ಮಧ್ಯದಿಂದ, ಎರಡನೇ ಗೇರಿನಲ್ಲೇ, ಇಂಜಿನ್ ಕಿರುಚಿಕೊಳ್ಳುತ್ತಿದ್ದರೂ ಬಿಡದೆ ಓಡಿಸಿದರು. ದಾರಿಯಲ್ಲಿ ಮೇಷ್ಟ್ರು ಕಣ್ಣು ಬಿಟ್ಟು ಒಂದೇ ಮಾತು ಆಡಿದರಂತೆ. ‘ಮೂರನೇದು ಹಾಕಮ್ಮಾ.’ ಹಾಕಿದರಂತೆ. ಸರಿಯಾಗಿ ಬಿತ್ತಂತೆ. ಅಮ್ಮಾ, ನೀವು ತಡ ಮಾಡಿದಿರಿ ಅಂತ ಯಾರಾದರೂ ಅಂದರೆ ನನ್ನ ಹತ್ತಿರ ಕಳಿಸಿ. ಅಳಬೇಡಿ. ಅತ್ತಿಗೆಯವರೂ ಅದನ್ನೇ ಹೇಳುತ್ತಿದ್ದಾರೆ ನೋಡಿ.

— ಈ ಫ್ಯಾನ್ ಯಾಕೆ ಇಷ್ಟು ಸದ್ದು ಮಾಡುತ್ತದೆ? ಯಾರಾದರೂ ಅದನ್ನು ಆರಿಸ್ತೀರಾ. ಹಾಂ. ಥ್ಯಾಂಕ್ಸ್.

ಆಮೇಲೆ ಒಂದು ಮ್ಯಾಚ್ ಆಡಿದೆವು. ಸೂಜಿ ಮೂವರನ್ನು ದಾಟಿ ಹೋದಳು. ನೋಡಲು ಎರಡು ಕಣ್ಣು ಸಾಲದು. ಗೋಲಿನ ಮುಂದೆ ಬರೀ ಕೀಪರ್ ಒಬ್ಬಳೇ. ಸೂಜಿ ತಲೆ ಎತ್ತಿದಳು. ನಿಂತುಬಿಟ್ಟಳು. ಬಾಲ್ ಕಾಲಿನ ಕೆಳಗೆ. ಆಮೇಲೆ ತಿರುಗಿ ಅದನ್ನು ಹಿಂದಕ್ಕೆ — ಎಲ್ಲಿಗೆ? ನಮ್ಮ ಅರ್ಧದಲ್ಲಿದ್ದ ನನ್ನ ಡಿಫೆಂಡರಿಗೆ! ಒಂದು ಸಲ ಅಲ್ಲ, ಮತ್ತೆ ಮತ್ತೆ. ನೋಡುವವರು ಬಾಯಿಗೆ ಬಂದ ಹಾಗೆ ಕೂಗಿದರು. ಮುಂದಿನ ವಾರದ ಮ್ಯಾಚಿನಲ್ಲೂ ಅದೇ ಕಥೆ. ಒಂದು ಡ್ರಾ, ಒಂದು ಸೋಲು. ಬಸ್ಸಿನಲ್ಲಿ ಬರುವಾಗ ಅವಳ ಪಕ್ಕ ಹೋಗಿ ಕೂತೆ. ಕೇಳಬೇಕಾದ ಪ್ರಶ್ನೆ ನನಗೆ ಗೊತ್ತಿತ್ತು. ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಅದು ಅವರ ಪ್ರಶ್ನೆ, ನನ್ನ ಬಾಯಿಂದ ಹೊರಡಲಿಲ್ಲ. ‘ನೀರು ಕುಡೀತೀಯಾ’ ಅಂತ ಕೇಳಿ ಎದ್ದು ಬಂದೆ.

ನಾಳೆ ಕೊನೆಯ ಮ್ಯಾಚ್. ಗೆದ್ದರೆ ಲೀಗಿನ ಈ ವಿಭಾಗದಲ್ಲೇ ಉಳಿಯುತ್ತೇವೆ. ಡ್ರಾ ಆದರೂ ಕೆಳಗಿನ ವಿಭಾಗಕ್ಕೆ. ತಂಡವೇನೋ ಮತ್ತೆ ಮೇಲೆ ಬಂದೀತು. ಆದರೆ ನನಗೆ ನಿದ್ದೆ ಕೆಡಿಸಿರುವುದು ಅದಲ್ಲ. ಇವಳು ಹೀಗೇ ಗೋಲಿನ ಮುಂದೆ ನಿಂತು ನಿಂತು, ಹೊಡೆಯುವುದನ್ನೇ ಮರೆತುಬಿಟ್ಟರೆ? ಅವರ ಒಂದು ಬೇಸಿಗೆ, ಆ ಬಿಸಿ ಮಣ್ಣು, ಆ ಚಪ್ಪಲಿ — ಎಲ್ಲ ಎಲ್ಲಿಗೆ ಹೋಯಿತು? ನನಗೆ ಹೊಡೆಯುವುದನ್ನು ಕಲಿಸಲು ಬರುವುದಿಲ್ಲ, ಸ್ವಾಮಿ. ನಾನು ಬ್ರೇಕ್.

ಅದಕ್ಕೇ ಒಂದು ಏರ್ಪಾಡು ಮಾಡಿದ್ದೇವೆ. ಕಾರ್ಯದರ್ಶಿಗಳು ಮೇಷ್ಟ್ರ ಫೋಟೋ ಹಾಕಿ ಒಂದು ಬ್ಯಾನರ್ ಮಾಡಿಸಿದ್ದಾರೆ. ನನ್ನ ಹಿಂದೆ ಸುರುಳಿ ಸುತ್ತಿ ಇಟ್ಟಿರುವುದು ಅದೇ. ನಾಳೆ ಅದನ್ನು ಎದುರಾಳಿಯ ಗೋಲಿನ ಹಿಂದೆ ಬೇಲಿಗೆ ಕಟ್ಟುತ್ತೇವೆ. ಮತ್ತೆ, ಬೆಳಿಗ್ಗೆ ಅತ್ತಿಗೆಯವರೇ ನನಗೆ ಫೋನ್ ಮಾಡಿದರು. ಒಂದು ಮ್ಯಾಚನ್ನೂ ನೋಡದವರು. ‘ಅಲ್ಲಿ ನಾನು ಬಂದು ನಿಲ್ಲಲಾ? ನಿಂತು ಏನ್ ಮಾಡ್ಬೇಕು ಅಂತ ಹೇಳಿಕೊಡಿ’ ಅಂದರು. ಏನೂ ಮಾಡುವುದು ಬೇಡ ಅತ್ತಿಗೆ, ನಿಂತರೆ ಸಾಕು ಅಂದೆ. ಹಾಗಾಗಿ ನಾಳೆ, ಎಲ್ಲರಿಗೂ ತಿಳಿಸುವುದೇನೆಂದರೆ —

ಏನೇ? ಯಾಕೆ ತಲೆ ಆಡಿಸ್ತಿದೀಯ? ಹೌದು, ನೀನೇ, ಸೂಜಿ. ಏನು ಬೇಡ? ಜೋರಾಗಿ ಹೇಳು, ಇಲ್ಲಿಗೆ ಕೇಳಿಸ್ತಿಲ್ಲ. ಇರು, ಸ್ವಾಮಿ ಮೈಕಿನವರೇ, ಕುಂಯ್ ಅಂದರೆ ಅನ್ನಲಿ, ನಾನೇ ಕೆಳಗೆ ಇಳಿದು ಬರುತ್ತೇನೆ. ಜಾಗ ಬಿಡಿ, ಸ್ವಲ್ಪ ಜಾಗ ಬಿಡಿ.

ಮುಂದಿನ ಸಾಲಿನವರಿಗೆ ಕೇಳಿಸಿತೇ? ನಾನು ಹೇಳುತ್ತೇನೆ. ‘ಅಲ್ಲಿ ಯಾರೂ ನಿಲ್ಲೋದು ಬೇಡ, ಫೋಟೋನೂ ಬೇಡ’ ಅನ್ನುತ್ತಿದ್ದಾಳೆ.

ಯಾಕೆ, ಮಗಳೇ? ಸುಮ್ಮನಿದ್ದರೆ ಹೇಗೆ? — ಸರಿ. ಸರಿ. ಕೇಳೇಬಿಡುತ್ತೇನೆ. ಅವತ್ತು ಗೋಲಿನ ಮುಂದೆ — ಏನ್ ನೋಡ್ದೆ?

ಅವಸರ ಇಲ್ಲ. ನಿಧಾನಕ್ಕೆ ಹೇಳು.

— ಅವಳು ಹೇಳಿದ್ದನ್ನು ಹಾಗೇ ಹೇಳುತ್ತೇನೆ, ನನ್ನದು ಒಂದಕ್ಷರ ಸೇರಿಸುವುದಿಲ್ಲ. ‘ನಾನು ಯಾವತ್ತೂ ಗೋಲ್ ನೋಡಿ ಹೊಡೆದೋಳೇ ಅಲ್ಲ ಸಾರ್. ಮೇಷ್ಟ್ರ ಮುಖ ನೋಡಿ ಹೊಡೀತಿದ್ದೆ. ಅವತ್ತು ಅವರಿರ್ಲಿಲ್ಲ. ಮೊದಲ್ನೇ ಸಲ ಗೋಲ್ ನೋಡ್ದೆ. ಅದು ಅಷ್ಟು ದೊಡ್ಡದಿದೆ ಅಂತ ನನಗೆ ಗೊತ್ತೇ ಇರ್ಲಿಲ್ಲ. ಹೆದರಿಕೆ ಆಯ್ತು.’ ಅಷ್ಟೇನಾ? ಇನ್ನೂ ಇದೆಯಾ? ಹೇಳು. — ‘ಈಗ ನೋಡಾಯ್ತಲ್ಲ. ನಾಳೆ ಯಾರಾದ್ರೂ ಅಡ್ಡ ನಿಂತ್ರೆ ಮತ್ತೆ ಅವರನ್ನೇ ನೋಡ್ತೀನಿ. ಅದಕ್ಕೆ ಬೇಡ.’

ಭೇಷ್.

ಒಂದು ನಿಮಿಷ. ನನಗೆ ಒಂದು ನಿಮಿಷ ಕೊಡಿ.

ಡ್ರೈವಿಂಗ್ ಸ್ಕೂಲಿನವರೇ, ಆಗಲೇ ಕೈ ಎತ್ತಿದಿರಲ್ಲ — ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಮೂರು ವಾರದಿಂದ ನಾನು ಒದ್ದಾಡುತ್ತಿದ್ದೇನೆ, ಆ ಜಾಗದಲ್ಲಿ ಯಾರನ್ನು ನಿಲ್ಲಿಸಲಿ, ಯಾರನ್ನು ನಿಲ್ಲಿಸಲಿ ಅಂತ. ಯಾರನ್ನೂ ನಿಲ್ಲಿಸಬೇಕಾಗಿಲ್ಲ. ಮೇಷ್ಟ್ರು ಚಪ್ಪಲಿ ಬಿಟ್ಟು, ಎರಡೂ ಕಾಲು ಮೇಲೆ ಮಡಚಿಕೊಂಡು ಕೂತಿದ್ದಾರೆ. ಗಾಡಿ ಇವಳದು.

ಅವರು ಇಷ್ಟು ಬೇಗ ಕಾಲು ಮಡಚಬಾರದಿತ್ತು. ನನಗೆ ಸಿಟ್ಟಿದೆ. ತುಂಬಾ ಸಿಟ್ಟಿದೆ. ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಕಾರ್ಯದರ್ಶಿಗಳೇ, ಬ್ಯಾನರನ್ನು ಈ ಹಾಲಿನಲ್ಲೇ ಹಾಕೋಣ, ಮೈದಾನಕ್ಕೆ ಬೇಡ. ಹೇಗೂ ಅದರಲ್ಲಿ ಅವರು ಅಲುಗಾಡದೆ ನಿಂತಿದ್ದಾರೆ, ಹುಡುಗಿಯರಿಗೆ ಗುರುತೇ ಸಿಗುವುದಿಲ್ಲ. ಅತ್ತಿಗೆ, ನೀವು ಮಾತ್ರ ಬರಲೇಬೇಕು. ಗೋಲಿನ ಹಿಂದೆ ಅಲ್ಲ. ನಮ್ಮ ಬೆಂಚಿನ ಹಿಂದೆ, ನನ್ನ ಬೆನ್ನ ಹಿಂದೆ ಕೂತುಕೊಳ್ಳಿ. ನಾಳೆ ನನ್ನ ಕಾಲು ನಡುಗುತ್ತದೆ. ನಾನು ತಿರುಗಿ ನೋಡಿದಾಗ ಒಂದು ಗುರುತಿನ ಮುಖ ಇರಲಿ. ಸೂಜಿ, ನಾಳೆ ನಾನು ಎದ್ದು ‘ಹುಷಾರು, ನಿಧಾನ, ಹಿಂದೆ ಕೊಡು’ ಅಂತ ಕೂಗಬಹುದು. ಅಭ್ಯಾಸ ಬಲ. ನನ್ನ ಮಾತು ಕೇಳಬೇಡ.

ಬಂಧುಗಳೇ, ಸ್ನೇಹಿತರೇ, ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಅಮ್ಮಾ, ಮೇಷ್ಟ್ರ ತಾಯಿಯವರೇ, ನೀವು ಏಳಬೇಡಿ, ಮಂಡಿ ನೋವು, ಕೂತೇ ಇರಿ. ಅಗಲಿದ ನಮ್ಮ ಮೇಷ್ಟ್ರಿಗಾಗಿ ಸ್ವಲ್ಪ ಹೊತ್ತು ಮೌನವಾಗಿರೋಣ. ಕಣ್ಣು ಮುಚ್ಚಬೇಡಿ, ಅವರಿಗೆ ಅದು ಆಗುತ್ತಿರಲಿಲ್ಲ. ಅಲುಗಾಡದೆ ನಿಲ್ಲಲು ಆಗದವರು ಅಲುಗಾಡಿ, ನಾನೂ ಅಲುಗಾಡುತ್ತೇನೆ.

ಅದಕ್ಕೆ ಮೊದಲು — ಕನ್ನಡಿ! ಎಲ್ಲರೂ ಒಮ್ಮೆ ಹಿಂದೆ ತಿರುಗಿ ನೋಡಿ. ಹುಡುಗಿಯರು ನಿಂತಿದ್ದಾರೆ, ಕಂಡರಾ? ನೋಡಿದಿರಾ?

ಸರಿ. ಈಗ ಮುಂದಕ್ಕೆ ತಿರುಗಿ. ಮೌನ.